ನಕ್ಷೆ ಮಗಳ ಕೈಯಲ್ಲಿ

ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುವುದಿಲ್ಲ ಎನ್ನುವಂತಿಲ್ಲ. 'ಬೇಗ ಏಳು', 'ಹಾಲು ಕುಡಿ', 'ಶೂ ಹಾಕ್ಕೋ' ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯೋಚಿಸಿ ನೋಡಿ, ಮನೆಯಲ್ಲಿ ಕನ್ನಡವೆಂದರೆ ಹೆಚ್ಚಾಗಿ ಅಪ್ಪಣೆ. ಕೊಡುವವರು ನಾವು, ಕೇಳಿಸಿಕೊಳ್ಳುವವರು ಅವರು. ಅವರು ಬಾಯಿ ತೆರೆದು ಕನ್ನಡ ಆಡಲೇಬೇಕಾದ ಸಂದರ್ಭವೇ ಬರುವುದಿಲ್ಲ.

ಪ್ಯಾಕೇಜ್ ಟೂರಿನಿಂದ ಇದು ಬದಲಾಗದು. ಬಸ್ಸು ಗೈಡ್ ಹೇಳಿದಲ್ಲಿ ನಿಲ್ಲುತ್ತದೆ, ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ, ಯಾರೂ ಏನನ್ನೂ ನಿರ್ಧರಿಸಬೇಕಿಲ್ಲ. ದಾರಿಯನ್ನು ನಾವೇ ಹುಡುಕಿಕೊಳ್ಳಬೇಕಾದ ಜಾಗ ಬೇಕು. ಸಿಂಗಪುರದಲ್ಲಿರುವವರಿಗೆ ಅಂಥದ್ದೊಂದು ಕೈಗೆಟಕುವಷ್ಟು ಹತ್ತಿರದಲ್ಲಿದೆ: ಪುಲಾವ್ ಉಬಿನ್.

ಚಾಂಗಿ ಪಾಯಿಂಟ್ ದೋಣಿಕಟ್ಟೆಯಿಂದ ಹತ್ತು-ಹದಿನೈದು ನಿಮಿಷ. ದೋಣಿಗೆ ವೇಳಾಪಟ್ಟಿ ಇಲ್ಲ, 12 ಜನ ಕೂಡಿದ ಮೇಲೆ ಹೊರಡುತ್ತದೆ. ನಿಮಿಷಕ್ಕೆ ಸರಿಯಾಗಿ ರೈಲು ಬರುವ ದೇಶದಲ್ಲಿ ನಮ್ಮ ಹಳ್ಳಿ ಕಡೆಯ ಟೆಂಪೋ ಲೆಕ್ಕ! ಸುಮಾರು 10 ಚದರ ಕಿಲೋಮೀಟರಿನ ದ್ವೀಪ. ಹಿಂದೆ ಗ್ರಾನೈಟ್ ಕ್ವಾರಿಗಳಿದ್ದವು, ಈಗ ಆ ಗುಂಡಿಗಳೇ ಕೆರೆಗಳು. ಕರೆಂಟಿಗೆ ಜನರೇಟರ್ ಮತ್ತು ಸೌರಫಲಕ. ದಡದ ಹಳ್ಳಿಯಲ್ಲೇ ಬಾಡಿಗೆ ಸೈಕಲ್ ಸಿಗುತ್ತವೆ.

ನಮ್ಮ ನಿಯಮ ಒಂದೇ ಇತ್ತು. ಕಾಗದದ ನಕ್ಷೆ ಹತ್ತು ವರ್ಷದ ಮಗಳ ಕೈಯಲ್ಲಿ, ದಾರಿ ಹೇಳುವುದು ಕನ್ನಡದಲ್ಲಿ, ಅವಳು ಹೇಳಿದ ಕಡೆಗೇ ನಮ್ಮ ಸೈಕಲ್. ಹಳ್ಳಿ ದಾಟುವ ಮೊದಲೇ 'ಎಡಕ್ಕೆ' ಅಂದಳು. ಅವಳ ಮನಸ್ಸಿನಲ್ಲಿದ್ದದ್ದು ಬಲ. ತಿದ್ದಲು ಅವರಪ್ಪ ಬಾಯಿ ತೆರೆದರು, ನಾನು ಕಣ್ಣಲ್ಲೇ ತಡೆದೆ. ಎಡಕ್ಕೇ ಹೋದೆವು. ಪೆಕಾನ್ ಕ್ವಾರಿಯ ಕೆರೆ ಎದುರಾಯಿತು, ಮರಗಳಲ್ಲಿ ಬಕಗಳು. ಅಲ್ಲಿ ನಿಂತು ನಕ್ಷೆ ತಿರುಗಿಸಿ ನೋಡಿ, 'ಅಪ್ಪಾ, ನಿಲ್ಲು! ಈ ಕಡೆ ಅಲ್ಲ, ಆ ಕಡೆ. ವಾಪಸ್ ಹೋಗೋಣ' ಎಂದಳು. ಒಂದೇ ಉಸಿರಿಗೆ ಅಷ್ಟು ಕನ್ನಡ ಅವಳ ಬಾಯಿಂದ ಬಂದು ಎಷ್ಟು ದಿನವಾಗಿತ್ತೋ. ಆಮೇಲೆ 'ದಿಬ್ಬ ಬಂತು, ಇಳೀರಿ', 'ಮುಂದೆ ಕವಲು ಇದೆ'. ಕವಲು ಎಂಬ ಪದ ಬೆಳಿಗ್ಗೆಯಷ್ಟೇ ಕಲಿತದ್ದು.

ಪೂರ್ವದ ತುದಿಯ ಚೆಕ್ ಜಾವಾಕ್ಕೆ ಬೇಕಾದಷ್ಟು ಸಮಯವಿಟ್ಟುಕೊಳ್ಳಿ. ಒಳಗೆ ಸೈಕಲ್ ಬಿಡುವುದಿಲ್ಲ, ಹಲಗೆಯ ಹಾದಿಯಲ್ಲಿ ನಡೆಯಬೇಕು. ಸಮುದ್ರ ಇಳಿದಾಗ ಏಡಿಗಳೆಲ್ಲ ಹೊರಗೆ. ಉಬ್ಬರ, ಇಳಿತ ಎಂಬ ಮಾತುಗಳನ್ನು ಪುಸ್ತಕದಿಂದ ಕಲಿಸುವುದಕ್ಕಿಂತ ಇಲ್ಲಿ ತೋರಿಸುವುದು ಸುಲಭ. ಪಕ್ಕದ ಮ್ಯಾಂಗ್ರೋವ್ ಕಾಡು ನಮ್ಮ ಕರಾವಳಿಯ ಕಾಂಡ್ಲಾ. ಊರಿಗೆ ಹೋದಾಗ ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆಯಲ್ಲಿ ಅದೇ ಪದ ಮತ್ತೆ ಸಿಗುತ್ತದೆ. ಮರದ ಮೇಲೆ ಮಂಗಟ್ಟೆ ಕಂಡರೆ ಅದರ ಕತೆ ಹೇಳಿ: ಹೆಣ್ಣು ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ತಿನ್ನಿಸುತ್ತದೆ. ದಾಂಡೇಲಿಯಲ್ಲಿ ಇದರ ಹತ್ತಿರದ ನೆಂಟರಿದ್ದಾರೆ.

ಈ ದಂಡೆಯನ್ನು ಮಣ್ಣು ತುಂಬಿ ನೆಲ ಮಾಡುವ ಯೋಜನೆ ಇತ್ತು. ಸ್ವಯಂಸೇವಕರು ಇಲ್ಲಿನ ಜೀವಿಗಳನ್ನು ಲೆಕ್ಕ ಹಾಕಿದರು, ಜನ ದನಿ ಎತ್ತಿದರು, 2001ರ ಕೊನೆಗೆ ಸರ್ಕಾರ ಅದನ್ನು ಮುಂದೂಡಿತು. ರದ್ದು ಮಾಡಿದ್ದಲ್ಲ, ಮುಂದೂಡಿದ್ದು. ಎರಡಕ್ಕೂ ಏನು ವ್ಯತ್ಯಾಸ ಎಂದು ಮಗಳು ಕೇಳಿದಳು. ವಾಪಸ್ ಬರುವ ದಾರಿಯೆಲ್ಲ ಅದೇ ಮಾತು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್.

ಕುಡಿಯುವ ನೀರು ಧಾರಾಳವಾಗಿ ಒಯ್ಯಿರಿ. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಲಿ ಹಿಡಿಯಬೇಡಿ, ಕೋತಿ ಮತ್ತು ಕಾಡುಹಂದಿ ಎರಡೂ ಇವೆ. ಕತ್ತಲಾಗುವ ಮೊದಲೇ ದೋಣಿಕಟ್ಟೆ ತಲುಪಿ. ಪರ್ತ್ ಕಡೆಯವರು ರಾಟ್‌ನೆಸ್ಟ್ ದ್ವೀಪದಲ್ಲಿ ಇದನ್ನೇ ಮಾಡಬಹುದು, ಅಲ್ಲೂ ಖಾಸಗಿ ಕಾರಿಲ್ಲ, ಸೈಕಲ್ಲೇ. ಹೊರಡುವ ಹಿಂದಿನ ರಾತ್ರಿ ಇಳಿತ ಎಷ್ಟು ಗಂಟೆಗೆ ಎಂದು ನೋಡುವ ಕೆಲಸವನ್ನೂ ಮಕ್ಕಳಿಗೇ ಬಿಡಿ.