ನಾಣ್ಯದ ಸಾಕ್ಷ್ಯ

ನಾಣ್ಯದ ಮೇಲೆ ದೇವರ ರೂಪವಿದ್ದರೆ ಅದನ್ನು ಟಂಕಿಸಿದ ದೊರೆಯು ಆ ದೇವರ ಭಕ್ತನೆಂದು ತೀರ್ಮಾನಿಸುವುದು ಸುಲಭ. ಆದರೆ ಆ ತೀರ್ಮಾನ ಯಾವಾಗಲೂ ಸರಿಯಾಗಲಾರದು.

ಮುಳಬಾಗಿಲು ತಾಲ್ಲೂಕಿನ ನಂಗಲಿಯು ಹೊಯ್ಸಳ ರಾಜ್ಯದ ಮೂಡಣ ಎಲ್ಲೆಯಾಗಿತ್ತೆಂದು ಶಾಸನಗಳು ಸಾರುತ್ತವೆ. ಆ ಎಲ್ಲೆಯವರೆಗೆ ಆಳಿದ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದನು. ಆದರೆ ಅವನ ಪ್ರಸಿದ್ಧ ಚಿನ್ನದ ನಾಣ್ಯದ ಮೇಲಿರುವುದು ಕೇಶವನ ಹೆಸರಲ್ಲ. ‘ಶ್ರೀ ತಳಕಾಡುಗೊಂಡ’ ಎಂಬ ವಿಜಯದ ಬಿರುದು. ನಾಣ್ಯವನ್ನು ಮಾತ್ರ ಕಂಡವನು ಅವನ ಭಕ್ತಿಯನ್ನು ಅರಿಯಲಾರನು.

ಕೃಷ್ಣದೇವರಾಯನ ವಿಷಯ ಬೇರೆ. ಅವನು 1514ರಲ್ಲಿ ಉದಯಗಿರಿಯನ್ನು ಗೆದ್ದು, ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು ಮರುವರ್ಷ ಹಂಪೆಯಲ್ಲಿ ಪ್ರತಿಷ್ಠಿಸಿದನು. ಅವನ ವರಹದ ಮೇಲೂ ಬಾಲಕೃಷ್ಣನೇ ಇದ್ದಾನೆ. ಇಲ್ಲಿ ಕಲ್ಲೂ ಚಿನ್ನವೂ ಒಂದೇ ಮಾತನ್ನಾಡುತ್ತವೆ.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ವರಹದಲ್ಲಿ ಒಂದು ಬದಿಗೆ ಶಿವಪಾರ್ವತಿಯರು, ಇನ್ನೊಂದು ಬದಿಗೆ ಅವನ ಹೆಸರಿನ ಪಾರಸಿ ಮೊದಲಕ್ಷರ. ಇಕ್ಕೇರಿಯ ವರಹದಲ್ಲಿ ಜನರಿಗೆ ಪರಿಚಿತವಾಗಿದ್ದ ಮುದ್ರೆಯನ್ನೇ ಅವನು ಉಳಿಸಿಕೊಂಡನು. ಇದು ದೊರೆಯ ಪೂಜೆಗಿಂತ ಹೆಚ್ಚಾಗಿ ಪ್ರಜೆಗಳ ನಂಬಿಕೆಗೆ ಸಾಕ್ಷಿ.

ಆದುದರಿಂದ ನಾಣ್ಯವನ್ನು ಶಾಸನದೊಡನೆ, ದೇವಾಲಯದೊಡನೆ ಹೋಲಿಸಿ ಓದಬೇಕು. ಅದಕ್ಕೆ ಮೊದಲು ನಾಣ್ಯ ಉಳಿಯಬೇಕು. ನೇಗಿಲ ಮೊನೆಗೆ ಸಿಕ್ಕ ಹಳೆಯ ನಾಣ್ಯ ಅಕ್ಕಸಾಲಿಗನ ಮೂಸೆಗೆ ಬಿದ್ದರೆ ಚಿನ್ನ ಉಳಿಯುತ್ತದೆ, ಚರಿತ್ರೆ ಕರಗಿಹೋಗುತ್ತದೆ. ಅಂತಹ ನಾಣ್ಯವನ್ನು ಸರ್ಕಾರಕ್ಕೆ ಒಪ್ಪಿಸುವವನು ನಾಡಿನ ನೆನಪನ್ನೇ ಕಾಯುತ್ತಾನೆ.