'ಇಷ್ಟು ದಿನ ಯಾಕೆ ಸುಮ್ನಿದ್ಲು?' ಅಂತ ಕೇಳೋರೇ, ಕೇಳಿ

ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳೊಬ್ಬಳು ವರ್ಷಗಳಾದ ಮೇಲೆ ಬಾಯಿಬಿಟ್ಟರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲಾ ಕಡೆಯ ಅರಳಿಕಟ್ಟೆಯಲ್ಲೂ ಒಂದೇ ಪ್ರಶ್ನೆ: 'ಇಷ್ಟು ದಿನ ಯಾಕೆ ಸುಮ್ನಿದ್ಲು?' ನೀವು ಹೀಗೇ ಕೇಳುತ್ತೀರಿ ಅಂತ ಗೊತ್ತಿದ್ದಕ್ಕೇ ಸುಮ್ಮನಿದ್ದಳು.

ಪ್ರಜ್ವಲ್ ರೇವಣ್ಣ ಪ್ರಕರಣವನ್ನೇ ನೋಡಿ. ಅತ್ಯಾಚಾರ ನಡೆದದ್ದು 2021ರಲ್ಲಿ. ಮನೆಗೆಲಸದ ಆ ಮಹಿಳೆ ದೂರು ಕೊಟ್ಟಿದ್ದು 2024ರಲ್ಲಿ. ಎದುರಿಗಿದ್ದದ್ದು ಸಂಸದ, ಮಾಜಿ ಪ್ರಧಾನಿಯ ಮೊಮ್ಮಗ. ಕೂಲಿ ನಂಬಿ ಬದುಕುವ ಹೆಂಗಸು ಮಾರನೇ ದಿನವೇ ಠಾಣೆ ಮೆಟ್ಟಿಲು ಹತ್ತಬೇಕಿತ್ತೇ? ತಡವಾಯಿತು ಅಂತ ಕೋರ್ಟು ಆಕೆಯ ಮಾತನ್ನು ತಳ್ಳಿಹಾಕಲಿಲ್ಲ. ಆಕೆಯ ಸೀರೆಯೇ ಸಾಕ್ಷಿಯಾಯಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವ ಇರುವವರೆಗೂ ಜೈಲು ಎಂದಿತು. ಅದರ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ, ಅದು ಕಾನೂನು ಕೊಟ್ಟ ಹಕ್ಕು. ಆದರೆ ಮೂರು ವರ್ಷ ನುಂಗಿಕೊಂಡಿದ್ದ ಮಾತಿಗೂ ಬೆಲೆ ಇದೆ ಅನ್ನೋದು ಸಾಬೀತಾಯಿತು.

ಆಗ ನಾವೇನು ಮಾಡಿದೆವು? ಯಾವ ಪಕ್ಷಕ್ಕೆ ಲಾಭ ಅಂತ ಲೆಕ್ಕ ಹಾಕಿದೆವು. 'ವಿಡಿಯೊ ಇದ್ರೆ ಕಳ್ಸು' ಅಂತ ಮೆಸೇಜು ಹಾಕಿದವರೂ ನಮ್ಮ ನಡುವೆಯೇ ಇದ್ದಾರೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು. ಫಾರ್ವರ್ಡ್ ಮಾಡುವ ಬೆರಳಿಗೆ ಇದು ನೆನಪಿರಲಿ.

ಇನ್ನು ಊರಿನ ಹಿರಿಯರು. ಮರ್ಯಾದೆ ಹೋಗುತ್ತೆ ಅಂತ ರಾಜಿ ಪಂಚಾಯ್ತಿಗೆ ಕೂರಿಸುತ್ತಾರೆ. ಯಾರ ಮರ್ಯಾದೆ ಸ್ವಾಮಿ? ತಪ್ಪು ಮಾಡಿದವನದಾ, ಅನುಭವಿಸಿದವಳದಾ? ಅತ್ಯಾಚಾರಕ್ಕೆ ರಾಜಿ ಮಾಡಿಸುವ ಅಧಿಕಾರ ಯಾವ ಯಜಮಾನನಿಗೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೇ ಇರುವುದೇ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ.

ನೋವು ಒಳಗಿಟ್ಟುಕೊಂಡು ಇದನ್ನು ಓದುತ್ತಿರುವ ಅಕ್ಕ, ತಂಗಿ, ನಿಮಗೊಂದು ಮಾತು. ಅತ್ಯಾಚಾರದ ದೂರಿಗೆ ಕಾಲಮಿತಿ ಇಲ್ಲ. ಚಿಕ್ಕಂದಿನಲ್ಲಿ ಆದದ್ದನ್ನು ದೊಡ್ಡವರಾದ ಮೇಲೂ ಹೇಳಬಹುದು. ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಲೇಬೇಕು, ಹೇಳಿಕೆಯನ್ನು ಮಹಿಳಾ ಪೊಲೀಸರೇ ಬರೆದುಕೊಳ್ಳಬೇಕು. ಠಾಣೆ ಈಗಲೇ ಬೇಡ ಅನ್ನಿಸಿದರೆ 181ಕ್ಕೆ ಫೋನ್ ಮಾಡಿ. ಮಕ್ಕಳಿಗಾದರೆ 1098. ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಸಮಾಲೋಚನೆ, ಕಾನೂನು ಸಲಹೆ ಒಂದೇ ಕಡೆ ಸಿಗುತ್ತದೆ. 15100ಕ್ಕೆ ಕರೆ ಮಾಡಿ ವಕೀಲರನ್ನು ಕೇಳಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ಕೊಡಬೇಕು. ಇದ್ಯಾವುದೂ ಬೇಡ, ಒಬ್ಬರ ಹತ್ತಿರ ಹೇಳಿಕೊಂಡರೆ ಸಾಕು ಅನ್ನಿಸಿದರೆ ಅದೂ ಸರಿಯೇ. ತೀರ್ಮಾನ ನಿಮ್ಮದು.

ಆ 'ಒಬ್ಬರು' ನೀವಾದರೆ, ಯಾವಾಗ, ಯಾಕೆ ಅಂತ ಪಾಟೀಸವಾಲು ಮಾಡಬೇಡಿ. 'ನಿನ್ನ ತಪ್ಪಿಲ್ಲ, ನಾನಿದೀನಿ' ಅನ್ನಿ. ಆಮೇಲೆ ಪೂರ್ತಿ ಕೇಳಿಸಿಕೊಳ್ಳಿ.