ಫಿಟ್ಟರಿನ ಕ್ಯಾಲ್ಕುಲಸ್ಸಿಗೆ ಟೈಮ್ ಟೇಬಲ್ ಯಾರದು?

ತಿಮ್ಮಾಪುರದ ಚಹಾದಂಗಡಿಯಲ್ಲಿ ಮೊನ್ನೆ ಒಬ್ಬ ಫಿಟ್ಟರ್ ಸಿಕ್ಕ. ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಡಿಪ್ಲೊಮಾ ಮುಗಿಸಿ ಹತ್ತು ವರ್ಷವಾಯಿತು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಕರಿಹಲಗೆ, ಹಲಗೆ ಮೇಲೆ ಕ್ಯಾಲ್ಕುಲಸ್! ಚಹಾ ಆರಿ ತಣ್ಣಗಾದರೂ ಆಸಾಮಿಗೆ ಗೊತ್ತಿಲ್ಲ.

ಇದೇನಪಾ ತಮ್ಮಾ ಈ ತಪಸ್ಸು ಎಂದೆ. ನೌಕರಿ ಬಿಡದೇ ಬಿ.ಇ. ಮಾಡಬೇಕಂತೆ. ದುಡಿಯುವವರಿಗಾಗಿಯೇ ತರಗತಿ ನಡೆಸಲು ಎಐಸಿಟಿಇ 2023-24ರಿಂದ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆಯಲ್ಲ, ಅದರ ಮೇಲೆ ಕಣ್ಣು. "ಮ್ಯಾಥ್ಸ್ ಪೂರ್ತಿ ತುಕ್ಕ ಹಿಡದೈತ್ರಿ ಅಣ್ಣಾರ. ಮೊದ್ಲ ಅದನ್ನ ತಿಕ್ಕಬೇಕು" ಎಂದ.

ತಿಕ್ಕಲು ಸಾಮಾನು ಈಗ ಧಾರಾಳ. ಏಳು ಐಐಟಿಗಳೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್‌ಪಿಟೆಲ್ ಕಟ್ಟಿದವು. ಕೇಂದ್ರ ಸರ್ಕಾರದ ಸ್ವಯಂ 2017ರಲ್ಲಿ ಬಂತು. ಯಾರು ಬೇಕಾದರೂ ಹೆಸರು ಹಚ್ಚಬಹುದು, ಪಾಠಕ್ಕೆ ದುಡ್ಡಿಲ್ಲ, ವಯಸ್ಸು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಪುರುಸೊತ್ತಿನಲ್ಲಿ, ನಿಮ್ಮ ವೇಗದಲ್ಲಿ ಕಲಿಯಿರಿ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಒಳ್ಳೆಯ ಮಾತೇ. ಆದರೆ ನಮ್ಮ ಫಿಟ್ಟರಿನ ಪುರುಸೊತ್ತು ಯಾರ ಕೈಯಲ್ಲಿದೆ?

ಜನವರಿಯಲ್ಲಿ 12 ವಾರದ ಕೋರ್ಸಿಗೆ ಹೆಸರು ಹಚ್ಚಿದ. ಜನವರಿ ಎಂದರೆ ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ. ಮಿಲ್ಲು ಹಗಲೂ ರಾತ್ರಿ ತಿರುಗುತ್ತದೆ, ಕೆಟ್ಟು ನಿಂತರೆ ಫಿಟ್ಟರಿಗೆ ಎರಡು ಪಾಳಿ. ವಿಡಿಯೋ ಎಲ್ಲಿಗೂ ಓಡಿಹೋಗುವುದಿಲ್ಲ ನಿಜ, ಯಾವಾಗ ಬೇಕಾದರೂ ನೋಡಬಹುದು. ಓಡುವುದು ವಾರವಾರದ ಅಸೈನ್‌ಮೆಂಟಿನ ಕೊನೇ ದಿನಾಂಕ. ಸರ್ಟಿಫಿಕೇಟಿನ ಲೆಕ್ಕದಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಹನ್ನೆರಡರಲ್ಲಿ ಚೆನ್ನಾಗಿ ಬಂದ ಎಂಟನ್ನು ಮಾತ್ರ ಹಿಡಿಯುತ್ತಾರೆ, ಅಷ್ಟು ಕನಿಕರ ಉಂಟು. ನಮ್ಮವನು ತಪ್ಪಿಸಿದ್ದು ಐದು. ಜುಲೈ ಸರದಿ ಹಿಡಿದರೆ? ಹಂಗಾಮು ಮುಗಿದು ಯಂತ್ರ ಬಿಚ್ಚಿ ಜೋಡಿಸುವ ಕಾಲ, ರಾತ್ರಿ ಮನೆಯಲ್ಲೇ ಇರುತ್ತಾನೆ, ಓದಿಗೆ ಸರಿ. ಆದರೆ ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಕಾರ್ಖಾನೆಯಲ್ಲಿ ಬಾಯ್ಲರ್ ಪ್ರದೀಪನದ ಗಡಿಬಿಡಿ. ಪರೀಕ್ಷೆ ಮೊಬೈಲಿನಲ್ಲಿ ಅಲ್ಲ, ಗೊತ್ತುಮಾಡಿದ ಕೇಂದ್ರಕ್ಕೆ ಹೋಗಿ ಕೂಡಬೇಕು. ಆ ದಿನ ರಜೆ ಕೊಡುವವರು ಯಾರು?

ಸಮಯದ ತಕರಾರು ಹೀಗಾಯಿತು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. "ವಿಡಿಯೋದಾಗ ಸರ್ ಚೊಲೊ ಹೇಳ್ತಾರ್ರಿ. ಆದ್ರ ನಾ ಏನರ ಕೇಳಿದ್ರ ಅವ್ರಿಗೆ ಕೇಳಂಗಿಲ್ಲ" ಎಂದ ಆತ. ನಗಬೇಡಿ. ಈ ಅಂಕಣಕಾರ ಪಿಯುಸಿ ಅರ್ಧಕ್ಕೆ ಬಿಟ್ಟದ್ದು ಇದೇ ಕ್ಯಾಲ್ಕುಲಸ್ಸಿನ ದೆಸೆಯಿಂದ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವನಿಗೆ ಒಂದೇ ಬೇಸಿಗೆಯಲ್ಲಿ ಎಲ್ಲ ಇಂಗ್ಲಿಷಾಯಿತು. ಲಿಮಿಟ್ ಎಂದರೆ ಏನೆಂದು ಎದ್ದು ಕೇಳಿದೆ. ಬಾಯಿಪಾಠ ಮಾಡು ಎಂದರು. ಮತ್ತೆ ಏಳಲಿಲ್ಲ. ಮುಂದೆ ಸುದ್ದಿಮನೆಗೆ ಬಂದು ಬಿದ್ದೆ.

ತಮಾಷೆ ಎಂದರೆ, ಸುದ್ದಿಮನೆಯಲ್ಲಿ ಪ್ರತಿ ಮಳೆಗಾಲ ನಾನು ಬರೆಯುವುದೂ ಕ್ಯಾಲ್ಕುಲಸ್ಸೇ! ಹಿಡಕಲ್ ಜಲಾಶಯಕ್ಕೆ ಒಳಹರಿವು ಇಷ್ಟು ಕ್ಯುಸೆಕ್, ಸಂಗ್ರಹ ಇಷ್ಟು ಟಿಎಂಸಿ ಎಂದು ಅಚ್ಚು ಹಾಕುತ್ತೇವಲ್ಲ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 20,000 ಕ್ಯುಸೆಕ್ ದಿನವಿಡೀ ಒಂದೇ ಸಮ ಬಂದರೆ 172.8 ಕೋಟಿ ಘನ ಅಡಿ, ಅಂದರೆ ಪೌಣೆರಡು ಟಿಎಂಸಿ ಹತ್ತಿರ. ಆದರೆ ಹೊಳೆ ಒಂದೇ ಸಮ ಬರುತ್ತದೆಯೇ? ಬೆಳಿಗ್ಗೆ ಹತ್ತು ಸಾವಿರ, ಸಂಜೆಗೆ ಮೂವತ್ತು. ಆಗ ದಿನವನ್ನು ತಾಸಿಗೆ, ತಾಸನ್ನು ನಿಮಿಷಕ್ಕೆ ಸಣ್ಣಸಣ್ಣಗೆ ಹೆಚ್ಚಿ, ಒಂದೊಂದು ಚೂರಿನ ನೀರು ಲೆಕ್ಕ ಹಿಡಿದು ಕೂಡಿಸಬೇಕು. ಅದೇ ಅನುಕಲನ. ಈ ಗಳಿಗೆಯಲ್ಲಿ ನೀರು ಎಷ್ಟು ಬಿರುಸಿನಿಂದ ಏರುತ್ತಿದೆ ಎಂಬುದು ಅವಕಲನ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಬಂದಾಗ ದಂಡೆಯ ಊರುಗಳವರು ಕೇಳುತ್ತಿದ್ದದ್ದು ಇದನ್ನೇ: ನೀರು ಎಲ್ಲಿಗೆ ಬಂತು ಅಷ್ಟೇ ಅಲ್ಲ, ಎಷ್ಟು ಜೋರಾಗಿ ಏರಾಕತ್ತೈತಿ? ದನ ಬಿಚ್ಚಲು ಟೈಮ್ ಐತೇನು?

ಇಷ್ಟನ್ನು ನನಗೆ ಹೇಳಿಕೊಟ್ಟದ್ದು ವಿಡಿಯೋ ಅಲ್ಲ. ನಿವೃತ್ತ ಗಣಿತ ಮಾಸ್ತರರೊಬ್ಬರು ಪೇಪರಿನ ಹಿಂಬದಿಯಲ್ಲಿ ಗೀಚಿ ಹೇಳಿದರು, ಇಪ್ಪತ್ತು ನಿಮಿಷದಲ್ಲಿ. ಜಗತ್ತೆಲ್ಲ ಕೊಂಡಾಡುವ ಖಾನ್ ಅಕಾಡೆಮಿಯ ಕಥೆಯಾದರೂ ಏನು? 2004ರಲ್ಲಿ ಸಲ್ಮಾನ್ ಖಾನ್ (ನಟ ಅಲ್ಲ, ಅಮೆರಿಕದವರು) ದೂರದೂರಿನಲ್ಲಿದ್ದ ಸಂಬಂಧಿ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಟ್ಟದ್ದೇ ಅದರ ಆರಂಭ. ವಿಡಿಯೋ ಆಮೇಲಿನದು. ಮೊದಲು ಅಲ್ಲಿ ಕೇಳುವವಳೂ ಇದ್ದಳು, ಉತ್ತರ ಕೊಡುವವನೂ ಇದ್ದ. ನಾವು ಪಾಠ ಇಳಿಸಿಕೊಂಡೆವು, ಉತ್ತರ ಕೊಡುವವನನ್ನು ಬಿಟ್ಟೆವು. ಎನ್‌ಪಿಟೆಲಿನವರು ಪ್ರಶ್ನೆ ಬರೆದು ಹಾಕಲು ಜಾಗ ಇಟ್ಟಿದ್ದಾರೆ, ಹಲವು ಪಾಠಗಳನ್ನು ಕನ್ನಡಕ್ಕೂ ತಂದಿದ್ದಾರೆ. ಅದು ಸಣ್ಣ ಕೆಲಸವಲ್ಲ. ಆದರೆ ಪ್ರಶ್ನೆ ಏನೆಂಬುದೇ ತಿಳಿಯದವನು ಇಂಗ್ಲಿಷಿನಲ್ಲಿ ಏನು ಬರೆದಾನು?

ದುಡಿಯುತ್ತ ಓದುವವರಿಗೆ ನಾವು ಒಮ್ಮೆ ಕೈಕೊಟ್ಟಿದ್ದೇವೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆ 2015ರಲ್ಲಿ ಹೋಗಿ 2018ರಲ್ಲಿ ಮರಳುವ ತನಕ ಒದ್ದಾಡಿದವರು ಯಾರು? ಇಂಥ ಫಿಟ್ಟರು, ಗುಮಾಸ್ತ, ಅಂಗನವಾಡಿ ಅಕ್ಕಂದಿರೇ.

ಈಗ ಬೇಕಾದದ್ದು ಕೋಟಿಗಟ್ಟಲೆ ಯೋಜನೆ ಅಲ್ಲ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಮಾಡಿದ್ದಾರೆ. ವಾರಕ್ಕೊಂದು ಸಂಜೆ ಎರಡು ತಾಸು ಹೆಚ್ಚಿಗೆ ಬಾಗಿಲು ತೆಗೆಯಲಿ. ತಾಲೂಕಿನಲ್ಲಿ ನಿವೃತ್ತ ಗಣಿತ ಮಾಸ್ತರರಿಗೆ ಬರವಿಲ್ಲ. ಒಬ್ಬರನ್ನು ಕರೆದು, ಗೌರವಧನ ಕೊಟ್ಟು, ಹಲಗೆ ಮುಂದೆ ನಿಲ್ಲಿಸಲಿ. ಪಾಠ ಅವರು ಹೊಸದಾಗಿ ಮಾಡಬೇಕಿಲ್ಲ, ಅದು ಮೊಬೈಲಿನಲ್ಲಿದೆ. ತಡೆದು ನಿಂತಲ್ಲಿ ಬಿಡಿಸಿದರೆ ಸಾಕು, ಕನ್ನಡದಲ್ಲಿ. ಕಾರ್ಖಾನೆ ಆಡಳಿತ ಮಂಡಳಿಯವರು ಪರೀಕ್ಷೆಯ ಒಂದು ದಿನ ಪಗಾರಿ ರಜೆ ಕೊಡಲಿ. ಕಲಿತ ಫಿಟ್ಟರ್ ಅವರ ಮಿಲ್ಲಿನಲ್ಲೇ ಇರುತ್ತಾನಲ್ಲ, ಎಲ್ಲಿಗೆ ಹೋದಾನು? ಸ್ವಯಂನವರೂ ಹಂಗಾಮಿ ದುಡಿಮೆಯವರಿಗೆ ಅಸೈನ್‌ಮೆಂಟಿನ ಗಡುವು ಸಡಿಲಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಫಿಟ್ಟರಿಗೆ ಮಾಸ್ತರರ ನಂಬರ್ ಕೊಟ್ಟಿದ್ದೇನೆ. ಮೊದಲ ಭಾನುವಾರ ಕೂಡಲು ಜಾಗ ಸಿಗದೆ ಇಬ್ಬರೂ ಅದೇ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಗ್ರಂಥಾಲಯಕ್ಕೆ ಬೀಗ ಹಾಕಿತ್ತು.